ಎಣಿಸುತ್ತಾ ಕೂತವಳು

ನಲವತ್ತು ಪದರ ಬಟ್ಟೆಯನ್ನು ಒಂದೇ ಸಲಕ್ಕೆ ಕತ್ತರಿಸಿದರೂ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ನೂಲೆಳೆಯಷ್ಟು ವ್ಯತ್ಯಾಸ ಬಾರದಂಥ ಕೈ ಅವಳದು. ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಮಾಲೀಕರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವಳು ಕಟಿಂಗ್ ಅಕ್ಕ. ಮೂವತ್ತೊಂದು ವರ್ಷ ಒಂದೇ ಮೇಜಿನ ಸುತ್ತ ನಡೆದವಳು. ಕೂತು ಮಾಡುವ ಕೆಲಸವಲ್ಲ ಅದು. ಬಲಗಾಲಿನ ಮೇಲೆ ಭಾರ ಹಾಕಿ, ಮೇಜಿನ ಮೇಲೆ ಬಗ್ಗಿ, ಯಂತ್ರವನ್ನು ಗೆರೆಯ ಮೇಲೆಯೇ ನಡೆಸಬೇಕು. ಹಾಗೆ ಬಗ್ಗಿ ಬಗ್ಗಿಯೋ ಏನೋ, ಐವತ್ತೊಂಬತ್ತು ತುಂಬುವ ಹೊತ್ತಿಗೆ ಬಲಗಡೆಯ ಸೊಂಟದ ಕೀಲು ಕೈಕೊಟ್ಟಿತು. ಮೊದಲು ಮೆಟ್ಟಿಲು ಹತ್ತುವಾಗ ನೋವು, ಆಮೇಲೆ ನಡೆಯುವಾಗ, ಆಮೇಲೆ ಸುಮ್ಮನೆ ಮಲಗಿದ್ದಾಗಲೂ.

ಎಕ್ಸ್‌ರೇ ನೋಡಿದ ಡಾಕ್ಟರು ಹೆಚ್ಚು ಮಾತಾಡಲಿಲ್ಲ. "ಮಧ್ಯದ ಮೆತ್ತೆ ಪೂರ್ತಿ ಸವೆದಿದೆ. ಎಲುಬು ಎಲುಬನ್ನೇ ಉಜ್ತಾ ಇದೆ. ಕೀಲು ಬದಲಾಯಿಸಬೇಕು. ಆದ್ರೆ ಅದಕ್ಕೆ ಮುಂಚೆ ಆರು ವಾರ ವ್ಯಾಯಾಮ ಮಾಡಿ" ಎಂದು ಕೆಳಗಿನ ಮಹಡಿಯ ಫಿಸಿಯೋಥೆರಪಿ ಕೋಣೆಗೆ ಕಳಿಸಿದರು.

ಅಲ್ಲಿದ್ದ ಫಿಸಿಯೋ ಇನ್ನೂ ಚಿಕ್ಕ ಹುಡುಗಿ, ಅಕ್ಕನ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವವರಷ್ಟು ವಯಸ್ಸು. ಅಕ್ಕ ಕೇಳಿಯೇಬಿಟ್ಟಳು. "ಅಲ್ಲಮ್ಮಾ, ಹೇಗಿದ್ರೂ ಹಳೇ ಕೀಲು ಕಿತ್ತು ಬಿಸಾಕ್ತೀರಿ. ಅದಕ್ಕೆ ಈಗ ಕಸರತ್ತು ಯಾಕೆ? ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದ ಹಾಗಾಯ್ತು."

"ಕುಲಾವಿ ಮೊದಲೇ ಹೊಲಿದಿಟ್ರೆ ಕೂಸಿಗೆ ಚಳಿ ಆಗಲ್ವಲ್ಲಾ ಅಮ್ಮಾ" ಎಂದು ಹುಡುಗಿ ನಕ್ಕಳು. "ಕೀಲು ಹೊಸದು ಬರುತ್ತೆ. ಅದನ್ನ ಎತ್ತಿ ನಿಲ್ಲಿಸೋ ಸ್ನಾಯು ನಿಮ್ಮದೇ. ನೋವಿಗೆ ಹೆದರಿ ನೀವು ಕಾಲು ಅಲ್ಲಾಡಿಸದೇ ಅದು ಸೊರಗಿಹೋಗಿದೆ. ಈಗ ಬಲ ಮಾಡಿಕೊಂಡ್ರೆ ಆಪರೇಷನ್ ಆದ ಮಾರನೇ ದಿನ ಎದ್ದು ನಿಲ್ತೀರಿ. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತಾರಲ್ಲ, ಹಾಗಾಗಬಾರದು."

ಮಾತಿಗೆ ಮಾತು ಕೊಡುವ ಹುಡುಗಿ ಅಕ್ಕನಿಗೆ ಹಿಡಿಸಿದಳು. ನಾಲ್ಕು ಸಲ ಅಲ್ಲಿಗೆ ಹೋಗಿ ಎಲ್ಲವನ್ನೂ ಕಲಿತಳು. ಮಲಗಿಕೊಂಡು ಹಿಮ್ಮಡಿಯನ್ನು ಹಾಸಿಗೆಗೆ ತಾಗಿಸಿಕೊಂಡೇ ಮಂಡಿ ಮಡಿಸುವುದು. ಮಂಡಿಯನ್ನು ಕೆಳಕ್ಕೆ ಒತ್ತಿ ತೊಡೆಯನ್ನು ಬಿಗಿಹಿಡಿಯುವುದು. ಎರಡೂ ಪಾದ ಊರಿ ಸೊಂಟವನ್ನು ಮೇಲೆತ್ತುವುದು. ಕುರ್ಚಿಯ ಕೈಗಳನ್ನು ಒತ್ತಿ ಮೈಯನ್ನೆಲ್ಲಾ ಎತ್ತುವ ವ್ಯಾಯಾಮವೂ ಇತ್ತು, ಮುಂದೆ ವಾಕರ್ ಹಿಡಿದು ನಡೆಯಲು ತೋಳಿಗೆ ಬಲ ಬೇಕಲ್ಲ. ಜೊತೆಗೆ ಕಲಿಯುತ್ತಿದ್ದವರ ಗುಂಪಿನಲ್ಲಿ ಒಬ್ಬರು ನಿವೃತ್ತ ಅಂಚೆಯವರೂ ಇದ್ದರು. ಅವಳಿಗಿಂತ ಮೂರು ವಾರ ತಡವಾಗಿ ಸೇರಿದವರು. ಪ್ರತಿ ಸಲ ಕಾಲೆತ್ತುವಾಗಲೂ "ಅಯ್ಯೋ ಶಿವನೇ" ಅನ್ನುತ್ತಿದ್ದರು.

ಆಪರೇಷನ್ನಿನ ತಾರೀಖನ್ನು ಫೋನ್ ಮಾಡಿ ತಿಳಿಸುತ್ತೇವೆ ಎಂದಿದ್ದರು ಆಸ್ಪತ್ರೆಯವರು. ಕಾರ್ಖಾನೆಯಲ್ಲಿ ಫೋನನ್ನು ಬಾಗಿಲ ಬಳಿಯ ಪೆಟ್ಟಿಗೆಯಲ್ಲೇ ಇಟ್ಟು ಒಳಗೆ ಹೋಗಬೇಕು. ಹಾಗಾಗಿ ಅಕ್ಕ ತಂಗಿಯ ನಂಬರ್ ಬರೆಸಿದಳು.

ತಂಗಿಗೆ ಐವತ್ತನಾಲ್ಕು ವರ್ಷ. ಆದರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯೇ. ಮಕ್ಕಳಿಲ್ಲ. ಗಂಡ ತೀರಿಕೊಂಡ ಮೇಲೆ ಮೈದುನನ ಮನೆಯಲ್ಲಿದ್ದಳು. ಅವರಿಗೆ ಕೋಣೆ ಬೇಕಾಯಿತು. ವಾರಗಿತ್ತಿಯ ಅಕ್ಕನ ಮಗಳ ಮನೆಗೆ ಹೋದಳು. ಅವರಿಗೂ ಕೋಣೆ ಬೇಕಾಯಿತು. ಮೂರು ವರ್ಷದ ಹಿಂದೆ, ಅಕ್ಕನ ಸೊಂಟ ನೋಯಲು ಶುರುವಾದ ಹೊತ್ತಿನಲ್ಲಿ, ಒಂದು ಸೂಟ್‌ಕೇಸ್ ಹಿಡಿದು ಬಂದಳು. ಮದುವೆಯಾಗದೆ ಒಬ್ಬಳೇ ಇದ್ದ ಅಕ್ಕನಿಗೂ ಆಸರೆ ಬೇಕಿತ್ತು. "ಹಿಂದಿನ ಕೋಣೆ ಖಾಲಿ ಬಿದ್ದಿದೆ, ಇರು" ಅಂದಳು. ಅಂದಿನಿಂದ ಅಡುಗೆ, ಅಂಗಡಿ, ಬಟ್ಟೆ ಎಲ್ಲ ಪುಟ್ಟಿಯದೇ. ಅಕ್ಕನಿಗೆ ಬಗ್ಗಲು ಆಗದ ದಿನ ಕಾಲುಚೀಲ ಹಾಕುವವಳೂ ಅವಳೇ.

ವ್ಯಾಯಾಮಕ್ಕೂ ಪುಟ್ಟಿಯೇ ಜೊತೆ. ಬೆಳಿಗ್ಗೆ ಆರಕ್ಕೆ ಹಾಸಿಗೆಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, ಎರಡು ಕೈಯಲ್ಲಿ ಟೀ ಲೋಟ ಹಿಡಿದು ಹತ್ತರ ತನಕ ಎಣಿಸುವಳು. "ಒಂದು… ಎರಡು… ಅಕ್ಕ, ಮೋಸ ಮಾಡಬೇಡ, ಅದು ಅರ್ಧ. ಮತ್ತೆ ಎತ್ತು." ಫಿಸಿಯೋ ಹುಡುಗಿ ಹೇಳಿದ್ದಕ್ಕೆ ನೆಲದ ಚಾಪೆಗಳನ್ನೆಲ್ಲಾ ಸುತ್ತಿ ಅಟ್ಟಕ್ಕೆ ಹಾಕಿದಳು, ಆಪರೇಷನ್ ಆದ ಮೇಲೆ ಅಕ್ಕ ಎಡವಬಾರದೆಂದು. ಬಡಗಿಯನ್ನು ಕರೆಸಿ ಕುರ್ಚಿಯ ಕಾಲುಗಳಿಗೆ ಮರದ ತುಂಡು ಕೊಡಿಸಿ ಎತ್ತರ ಮಾಡಿಸಿದಳು. ಕಾರ್ಖಾನೆಯಲ್ಲಿ ಕಾಜಾ ಯಂತ್ರದ ಮುಂದೆ ಕೂರುವ ಗೆಳತಿಗೆ ಅಕ್ಕ ಇದನ್ನೆಲ್ಲ ಹೇಳಿಕೊಂಡು ಹಿಗ್ಗಿದಳು. ಗುಂಡಿ ತೂರಿಸುವ ಕಾಜಾ ಹಾಕಿ ಹಾಕಿ ಆ ಗೆಳತಿಯ ಹೆಸರೇ ಕಾಜಾ ಎಂದಾಗಿತ್ತು. "ತಂಗಿ ಅಂದ್ರೆ ಹಾಗಿರಬೇಕು. ನನ್ನ ತಂಗಿ ನನ್ನ ಸೀರೆ ಬೇಕಾದಾಗ ಮಾತ್ರ ಫೋನ್ ಮಾಡ್ತಾಳೆ" ಎಂದಳು ಕಾಜಾ.

ಆರು ವಾರ ಆಯಿತು. ಎಂಟಾಯಿತು. "ಫೋನ್ ಬಂತಾ?" ಎಂದು ಅಕ್ಕ ಸಂಜೆ ಬಂದ ಕೂಡಲೇ ಕೇಳುವಳು. "ಇಲ್ಲ ಅಕ್ಕ. ಸರದಿ ಉದ್ದ ಇದೆಯಂತೆ" ಎನ್ನುವಳು ಪುಟ್ಟಿ. ಸರ್ಕಾರಿ ಆಸ್ಪತ್ರೆ, ಇರಬಹುದು ಅಂದುಕೊಂಡಳು. ಹನ್ನೆರಡು ವಾರವಾಯಿತು. ವ್ಯಾಯಾಮ ಬಿಟ್ಟರೆ ಮಾಡಿದ್ದೆಲ್ಲ ಹೋಗುತ್ತದೆಂದು ಅಕ್ಕ ಒಂದು ದಿನವೂ ತಪ್ಪಿಸಲಿಲ್ಲ. ಹಲ್ಲು ಕಚ್ಚಿ ಕಾಲೆತ್ತಿದಳು. ನೋವು ಮಾತ್ರ ಏರುತ್ತಲೇ ಹೋಯಿತು. ಮೇಜಿನ ಸುತ್ತ ಓಡಾಡಲಾಗದೆ ಒಂದೇ ಬದಿಯಿಂದ ಕತ್ತರಿಸತೊಡಗಿದಳು. ಒಂದು ದಿನ ಮೂವತ್ತು ಅಂಗಿಯ ತೋಳು ಅರ್ಧ ಇಂಚು ಗಿಡ್ಡವಾದವು. ಮೂವತ್ತೊಂದು ವರ್ಷದಲ್ಲಿ ಅಂಥದ್ದು ಮೊದಲು. ಮಾಲೀಕರು ಬೈಯಲಿಲ್ಲ, "ಹೋಗ್ಲಿ ಬಿಡಿ ಅಕ್ಕ" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಐದನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಅಂಚೆಯವರು ಎದುರಾದರು. ಕೈಯಲ್ಲಿ ಕೋಲಿಲ್ಲ. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಮೊಮ್ಮಗುವಿನ ಕೈ.

"ಆಪರೇಷನ್ ಆಯ್ತಾ?" ಎಂದಳು ಅಕ್ಕ, ಹುಬ್ಬೇರಿಸಿ.

"ಎರಡು ತಿಂಗಳ ಮೇಲಾಯ್ತಲ್ಲಮ್ಮಾ! ನಿಮ್ಮದು ನನಗಿಂತ ಮೊದಲೇ ಆಗಿರಬೇಕಿತ್ತಲ್ಲ? ಇನ್ನೂ ಕೋಲು ಹಿಡಿದಿದ್ದೀರಿ?"

"ಇನ್ನೂ ಫೋನೇ ಬಂದಿಲ್ಲ."

"ಹೋಗಿ ವಿಚಾರಿಸಿ. ಕಾಗದ ಕಳೆದುಹೋಗೋದು ನಮ್ಮ ಇಲಾಖೆಯಲ್ಲಿ ಮಾತ್ರ ಅಲ್ಲ" ಎಂದು ಅವರು ನಕ್ಕರು.

ಮಾರನೆಯ ದಿನವೇ ಅಕ್ಕ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋದಳು. ದಾರಿಯುದ್ದಕ್ಕೂ ಬೈಯಲು ಮಾತು ಜೋಡಿಸಿಕೊಂಡಿದ್ದಳು. ಕಿಟಕಿಯ ಹಿಂದಿನ ಗುಮಾಸ್ತೆ ಹೆಸರು, ಹುಟ್ಟಿದ ವರ್ಷ ಕೇಳಿ ಕಂಪ್ಯೂಟರ್ ನೋಡಿದಳು.

"ನಿಮಗೆ ಎರಡು ಸಲ ತಾರೀಖು ಕೊಟ್ಟಿದ್ವಲ್ಲ. ಎರಡು ಸಲಾನೂ ನೀವೇ ಬೇಡ ಅಂದ್ರಿ."

"ನಾನಾ? ಯಾವಾಗ?"

"ಮೊದಲನೇ ಸಲ… ರೋಗಿಗೆ ಭಯವಾಗಿದೆ, ಸದ್ಯಕ್ಕೆ ಬೇಡ ಅಂತ ಇದೆ. ಎರಡನೇ ಸಲ ಕೆಮ್ಮು, ಜ್ವರ. ಮಾತಾಡಿದ್ದು ರೋಗಿಯ ತಂಗಿ ಅಂತ ಬರೆದಿದೆ." ಗುಮಾಸ್ತೆ ತಲೆಯೆತ್ತಿದಳು. "ಮೂರನೇ ಸಲ ಹೀಗಾದ್ರೆ ಪಟ್ಟಿಯಿಂದ ಹೆಸರು ತೆಗೀತೀವಿ ಅಂತಾನೂ ಹೇಳಿದ್ವಿ. ನಿಮಗೆ ತಿಳಿಸಲಿಲ್ವಾ ಅವರು?"

ಹಿಂದೆ ನಿಂತವರು ಕೆಮ್ಮಿದರು. ಆಗ ಅಕ್ಕ ಮಾಡಿದ್ದು ಒಂದೇ ಕೆಲಸ: ತಂಗಿಯ ನಂಬರ್ ಹೊಡೆದು ಹಾಕಿಸಿ ತನ್ನದನ್ನು ಬರೆಸಿದಳು.

ಹೊರಗೆ ಬಂದು ಮೆಟ್ಟಿಲ ಕಂಬಿ ಹಿಡಿದು ಬಹಳ ಹೊತ್ತು ನಿಂತಳು. ಸಿಟ್ಟು ಬರಲಿಲ್ಲ ಇನ್ನೂ. ಲೆಕ್ಕ ಹಾಕುತ್ತಿದ್ದಳು. ಗುಮಾಸ್ತೆಯ ಕಂಪ್ಯೂಟರಿನಲ್ಲಿದ್ದ ತಾರೀಖಿನ ಪ್ರಕಾರ ಮೊದಲ ಫೋನ್ ಬಂದದ್ದು ಏಳನೇ ವಾರ. ಅದರ ಮಾರನೇ ಬೆಳಿಗ್ಗೆಯೂ ಪುಟ್ಟಿ ಸ್ಟೂಲ್ ಎಳೆದು ಕೂತಿದ್ದಾಳೆ. ಒಂದು, ಎರಡು, ಮೂರು ಎಂದಿದ್ದಾಳೆ. ಮೋಸ ಮಾಡಬೇಡ ಅಕ್ಕ, ಅದು ಅರ್ಧ, ಎಂದಿದ್ದಾಳೆ.

ಆ ಸಂಜೆ ಅಕ್ಕ ಏನೂ ಕೇಳಲಿಲ್ಲ. ಪುಟ್ಟಿ ಬಿಸಿನೀರಿನ ಚೀಲ ತಂದು ಸೊಂಟಕ್ಕೆ ಇಟ್ಟಳು. "ಇವತ್ತು ಮುಖ ಬಾಡಿದೆ, ತುಂಬಾ ನೋವಾ?" ಎಂದಳು. "ಹೂಂ" ಎಂದಳು ಅಕ್ಕ. ಊಟ ಮಾಡಿದಳು. ರುಚಿ ಗೊತ್ತಾಗಲಿಲ್ಲ.

ಬೆಳಿಗ್ಗೆ ಆರಕ್ಕೆ ಪುಟ್ಟಿ ಎಂದಿನಂತೆ ಬಂದು ಕೂತಳು. ಅಕ್ಕ ಪಾದ ಊರಿ ಸೊಂಟ ಎತ್ತಿದಳು.

"ಒಂದು. ಎರಡು. ಮೂರು. ಚೆನ್ನಾಗಿ ಬರ್ತಿದೆ ಅಕ್ಕ. ನಾಲ್ಕು. ಐದು."

ಅಕ್ಕ ಸೂರು ನೋಡುತ್ತಲೇ ಕೇಳಿದಳು. "ಆಸ್ಪತ್ರೆಯವರು ಎರಡು ಸಲ ಫೋನ್ ಮಾಡಿದ್ರಂತಲ್ಲ ಪುಟ್ಟಿ?"

"ಆರು" ಎಂದಳು ಪುಟ್ಟಿ. ಮಾತು ಕಿವಿಗೆ ಬಿದ್ದಿತ್ತು, ನಾಲಿಗೆ ಅಭ್ಯಾಸಬಲದಿಂದ ಮುಂದೆ ಹೋಗಿತ್ತು. "ಏಳು" ಅನ್ನುವಷ್ಟರಲ್ಲಿ ದನಿ ಕುಸಿಯಿತು. ಟೀ ಲೋಟವನ್ನು ನೆಲಕ್ಕಿಟ್ಟಳು.

"ನಾನೇ ಹೋಗಿದ್ದೆ ನಿನ್ನೆ. ನನಗೆ ಭಯವಂತೆ. ಕೆಮ್ಮಂತೆ, ಜ್ವರವಂತೆ. ನನಗೇ ಗೊತ್ತಿಲ್ಲದ ಕಾಯಿಲೆ ಎಲ್ಲ ನಿನಗೆ ಗೊತ್ತಿದೆ."

ಪುಟ್ಟಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಮೊದಲನೇ ಸಲ ಬೇಕು ಅಂತ ಮಾಡಲಿಲ್ಲ ಅಕ್ಕ. ಮುಂದಿನ ಮಂಗಳವಾರ ಕರ್ಕೊಂಡು ಬನ್ನಿ ಅಂದ್ರು. ಅವಳಿಗೆ ಭಯ ಆಗಿದೆ ಅಂತ ಬಾಯಿಗೆ ಬಂದುಬಿಡ್ತು. ಭಯ ಇದ್ದದ್ದು ನನಗೆ."

"ಎರಡನೇ ಸಲ?"

ಪುಟ್ಟಿ ಸೆರಗನ್ನು ಕೈಬಿಟ್ಟಳು. "ಎರಡನೇ ಸಲ ಬೇಕು ಅಂತಾನೇ ಮಾಡಿದೆ."

ಅಕ್ಕ ಮಗ್ಗುಲಿಗೆ ಹೊರಳಿ, ಕಲಿಸಿಕೊಟ್ಟ ಹಾಗೇ ಕೈಯೂರಿ, ನಿಧಾನ ಎದ್ದು ಕೂತಳು. "ಯಾಕೆ?"

"ನೀನೇ ಹೇಳಿದ್ದೆಯಲ್ಲ, ಕಾಜಾ ಬಂದಿದ್ದಾಗ. ಕಾಲು ಸರಿಹೋದ ಮೇಲೆ ಹಿಂದಿನ ಕೋಣೆಗೆ ಒಂದು ಮೇಜು ಹಾಕಿಸ್ತೀನಿ, ಮನೆಯಲ್ಲೇ ಕಟಿಂಗ್ ಶುರುಮಾಡ್ತೀನಿ ಅಂತ. ನಾನು ಒಳಗೆ ಪಾತ್ರೆ ತೊಳೀತಿದ್ದೆ. ಹಿಂದಿನ ಕೋಣೆ ಅಂದ್ರೆ ನಾನು ಮಲಗೋ ಕೋಣೆ. ಎರಡು ಮನೆಯಲ್ಲಿ ನೋಡಿದೀನಿ ಅಕ್ಕ, ಕೋಣೆ ಬೇಕು ಅನ್ನೋ ಮಾತು ಹೇಗೆ ಶುರುವಾಗುತ್ತೆ ಅಂತ. ನಿನ್ನ ಕಾಲು ನೋಯೋ ತನಕ ನಾನಿಲ್ಲಿ ಬೇಕು. ಆಮೇಲೆ?"

ಅಂದದ್ದು ಹೌದು. ನಗುನಗುತ್ತಾ ಅಂದದ್ದು; ಆ ಕೋಣೆಯಲ್ಲಿ ಯಾರು ಮಲಗುತ್ತಾರೆಂದು ಆ ಗಳಿಗೆಯಲ್ಲಿ ಅವಳ ತಲೆಗೇ ಬಂದಿರಲಿಲ್ಲ. ಒಂದು ಕ್ಷಣ ಅಕ್ಕನಿಗೆ ತಪ್ಪು ತನ್ನದೇ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಸಿಟ್ಟು ನೆತ್ತಿಗೇರಿತು.

"ಕೇಳಬಹುದಿತ್ತಲ್ಲೇ! ಅಕ್ಕ, ನಾನೆಲ್ಲಿಗೆ ಹೋಗಲಿ ಅಂತ ಒಂದು ಮಾತು. ಬಾಯಿಗೆ ಬೀಗ ಹಾಕಿದ್ರಾ? ಮೂರು ತಿಂಗಳು, ಪುಟ್ಟಿ. ನಾನು ನೋವಿನಲ್ಲಿ ಉಗುಳು ನುಂಗೋದನ್ನ ಇಲ್ಲೇ ಕೂತು ನೋಡಿದೀಯ. ಗಾಳಿ ಗುದ್ದಿ ಮೈ ನೋಯಿಸಿಕೊಳ್ತಾ ಇದಾಳೆ ಅಂತ ಗೊತ್ತಿದ್ದೂ ಎಣಿಸಿದೀಯ. ಹಾಗಾದ್ರೆ ಚಾಪೆ ಯಾಕೆ ತೆಗೆದೆ? ಕುರ್ಚಿ ಯಾಕೆ ಎತ್ತರ ಮಾಡಿಸಿದೆ? ಅದೆಲ್ಲ ನಾಟಕಾನಾ?"

"ಅಲ್ಲ ಅಕ್ಕ. ಅದೂ ನಿಜ. ನಿನ್ನ ಕಾಲು ಸರಿಹೋಗಲಿ ಅಂತಾನೂ ಇತ್ತು. ಇವತ್ತೇ ಸರಿಹೋಗೋದು ಬೇಡ ಅಂತಾನೂ ಇತ್ತು."

ಅಕ್ಕ ಕೋಲು ಹಿಡಿದು ಸ್ನಾನದ ಮನೆಗೆ ಹೋದಳು. ಮಿಕ್ಕ ಮೂರನ್ನು ಅವತ್ತು ಮಾಡಲಿಲ್ಲ. ಮಾರನೆಯ ದಿನದಿಂದ ಕೋಣೆಯ ಬಾಗಿಲು ಹಾಕಿಕೊಂಡು, ಮನಸ್ಸಿನಲ್ಲೇ ಎಣಿಸಿಕೊಂಡು ಮಾಡಿದಳು. ಬಾಗಿಲ ಕೆಳಗಿನ ಸಂದಿನಲ್ಲಿ ಪುಟ್ಟಿಯ ನೆರಳು ನಿಂತಿರುವುದು ಕಾಣುತ್ತಿತ್ತು.

ಕಾಜಾಗೆ ಹೇಳಿದಾಗ ಅವಳು ಯಂತ್ರ ನಿಲ್ಲಿಸಿಬಿಟ್ಟಳು. "ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋದು! ಇವತ್ತೇ ಸೂಟ್‌ಕೇಸ್ ಕೈಗೆ ಕೊಡು." ಅಕ್ಕ ಕೊಡಲಿಲ್ಲ. ಕರುಣೆ ಎಂದು ಕಾಜಾ ತಿಳಿದಳು. ನಿಜ ಹೇಳಬೇಕೆಂದರೆ, ಹೊರಗೆ ಹಾಕಿದರೆ ಪುಟ್ಟಿ ಹೆದರಿದ್ದೇ ಸರಿಯೆಂದು ಸಾಬೀತಾಗುತ್ತದಲ್ಲ, ಆ ಒಂದು ತೃಪ್ತಿಯನ್ನು ಅವಳಿಗೆ ಕೊಡಲು ಅಕ್ಕನಿಗೆ ಮನಸ್ಸಿರಲಿಲ್ಲ.

ಮೂರು ವಾರಕ್ಕೆ ತಾರೀಖು ಬಂತು, ಅಕ್ಕನ ಫೋನಿಗೇ. ಆಸ್ಪತ್ರೆಯ ಕಾಗದದಲ್ಲಿ ಜೊತೆಗಿರುವವರ ಹೆಸರು ಎಂಬ ಜಾಗದಲ್ಲಿ ಕಾಜಾಳ ಹೆಸರು ಬರೆದಳು. ಪುಟ್ಟಿ ಬಾಗಿಲಲ್ಲಿ ನಿಂತು, "ನಾನೂ ಬರ್ಲಾ?" ಎಂದಳು. "ಬೇಡ" ಎಂದಳು ಅಕ್ಕ.

ಆಪರೇಷನ್ ಸುಸೂತ್ರವಾಗಿ ಆಯಿತು. ಮಾರನೆಯ ಬೆಳಿಗ್ಗೆ ಅದೇ ಫಿಸಿಯೋ ಹುಡುಗಿ ವಾಕರ್ ತಂದು ನಿಲ್ಲಿಸಿದಳು. ಹೊಲಿಗೆ ಹಾಕಿದ ಕಡೆ ಉರಿ, ತಲೆ ಗಿರ್ರೆನ್ನುತ್ತಿತ್ತು. ಆದರೆ ತೋಳು ಊರಿದಾಗ ತೋಳು ಮೈಯನ್ನು ಎತ್ತಿತು, ತೊಡೆ ಬಿಗಿಯಾಗಿ ನಿಂತಿತು. ಆರು ಹೆಜ್ಜೆ ಹಾಕಿದಳು. ಪಕ್ಕದ ಹಾಸಿಗೆಯ ಹೆಂಗಸು ಅವಳಿಗಿಂತ ಒಂದು ದಿನ ಮುಂಚೆ ಆಪರೇಷನ್ ಆದವಳು, ಇನ್ನೂ ಕೂರಲೂ ಒದ್ದಾಡುತ್ತಿದ್ದಳು. "ಹಳೇ ಎಲುಬು ಉಜ್ತಿದ್ದ ನೋವೇ ಇಲ್ಲ ನೋಡೇ" ಎಂದು ಅಕ್ಕ ಕಾಜಾಗೆ ಹೇಳಿದಳು. ಹೇಳುತ್ತಾ ಕಣ್ಣು ತುಂಬಿತು. ಈ ಮಾತನ್ನು ಮೊದಲು ಹೇಳಬೇಕೆಂದುಕೊಂಡಿದ್ದು ಬೇರೊಬ್ಬರಿಗೆ.

ನಾಲ್ಕನೇ ದಿನ ಮನೆಗೆ ಬಂದಳು. ಕಾಜಾಗೆ ಅವಳದೇ ಸಂಸಾರವಿತ್ತು. ಬೆಳಿಗ್ಗೆ ಒಂದು ಗಂಟೆ ಬಂದು ಹೋಗಬಲ್ಲಳು ಅಷ್ಟೆ. ಆರು ವಾರ ಸೊಂಟದಿಂದ ಕೆಳಕ್ಕೆ ಬಗ್ಗುವ ಹಾಗಿಲ್ಲ, ಕಾಲ ಮೇಲೆ ಕಾಲು ಹಾಕುವ ಹಾಗಿಲ್ಲ. ಅಂದರೆ ಊತ ಇಳಿಸುವ ಬಿಗಿ ಕಾಲುಚೀಲವನ್ನು ಬೇರೆಯವರೇ ಹಾಕಬೇಕು. ಯಾರನ್ನು ನಂಬಬಾರದೆಂದು ತೀರ್ಮಾನಿಸಿದ್ದಳೋ ಅವಳ ಮುಂದೆಯೇ ಕಾಲು ಚಾಚಿ ಕೂರಬೇಕಾಯಿತು. ಪುಟ್ಟಿ ನೆಲದ ಮೇಲೆ ಕೂತು, ಹೊಲಿಗೆಗೆ ನೋವಾಗದಂತೆ, ಸುಕ್ಕಿಲ್ಲದಂತೆ ಚೀಲ ಏರಿಸುತ್ತಿದ್ದಳು.

ಎರಡನೇ ವಾರ ಪುಟ್ಟಿ ತಲೆ ತಗ್ಗಿಸಿಕೊಂಡೇ ಕೇಳಿದಳು. "ಅಕ್ಕ, ನಾನು ಹೋಗಬೇಕಾ?"

"ಹೋಗು ಅಂದಿಲ್ಲ ನಾನು."

"ಇರು ಅಂತಾನೂ ಅಂದಿಲ್ಲ."

"ಅದನ್ನ ಹೇಳೋಕೆ ನನ್ನ ಕೈಲಿ ಆಗ್ತಿಲ್ಲ ಪುಟ್ಟಿ" ಎಂದಳು ಅಕ್ಕ. ಅದು ಪೂರಾ ಸತ್ಯವಾಗಿತ್ತು.

ಆರನೇ ವಾರ ಡಾಕ್ಟರು ಅವಳನ್ನು ನಡೆಸಿ, ಒಂದೇ ಕಾಲಲ್ಲಿ ನಿಲ್ಲಿಸಿ ನೋಡಿ ಖುಷಿಪಟ್ಟರು. "ಈ ವಯಸ್ಸಿಗೆ ಇಂಥ ಸ್ನಾಯು ನೋಡಿಲ್ಲ ನಾನು. ಆರು ವಾರದ ವ್ಯಾಯಾಮಕ್ಕೆ ಇಷ್ಟು ಬರಲ್ಲ. ಎಷ್ಟು ದಿನ ಮಾಡಿದ್ರಿ?"

"ಹತ್ತಿರ ಹತ್ತಿರ ಆರು ತಿಂಗಳು."

"ಅದಕ್ಕೇ ಮತ್ತೆ! ತಡವಾದದ್ದೂ ಒಳ್ಳೇದೇ ಆಯ್ತು ಅನ್ನಿ."

ಮನೆಗೆ ಬಂದಾಗ ಪುಟ್ಟಿ, "ಏನಂದ್ರು?" ಎಂದಳು. "ಚೆನ್ನಾಗಿದೆ ಅಂದ್ರು." ತಡವಾದದ್ದೂ ಒಳ್ಳೇದಾಯ್ತೆಂಬ ಡಾಕ್ಟರ ಮಾತನ್ನು ಅಕ್ಕ ಹೇಳಲಿಲ್ಲ, ಯಾವತ್ತೂ ಹೇಳುವುದಿಲ್ಲ. ಅದನ್ನು ಕೇಳಿದರೆ ಪುಟ್ಟಿಯ ಮುಖ ಅರಳುತ್ತಿತ್ತು. ಆ ಅರಳಿದ ಮುಖವನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ.

ಅಕ್ಕ ಕಾರ್ಖಾನೆಗೆ ಮರಳಿದ ತಿಂಗಳಲ್ಲೇ ಪುಟ್ಟಿ ತಾನಾಗಿ ಒಂದು ಬೇಕರಿಯಲ್ಲಿ ಕೆಲಸ ಹಿಡಿದಳು. ಬೇಕರಿಯ ಮೇಲೆಯೇ ಒಂದು ಕೋಣೆ ಕೊಟ್ಟರು. ಹೋಗುವ ದಿನ ಅಟ್ಟದಿಂದ ಚಾಪೆಗಳನ್ನು ಇಳಿಸಿ, ಕೊಡವಿ ಹಾಸಿ ಹೋದಳು. ಅಕ್ಕ ತಡೆಯಲಿಲ್ಲ. ಹಿಂದಿನ ಕೋಣೆಗೆ ಮೇಜನ್ನೂ ಹಾಕಿಸಲಿಲ್ಲ.

ಒಂದು ಭಾನುವಾರ ಪುಟ್ಟಿ ಕರೆದಳೆಂದು ನೋಡಲು ಹೋದಳು. ಕಡಿದಾದ ಇಪ್ಪತ್ತೆರಡು ಮೆಟ್ಟಿಲು. ಕಂಬಿ ಮುಟ್ಟದೆ ಹತ್ತಿದಳು. ಕೋಣೆ ಸಣ್ಣದು, ಹಿಟ್ಟಿನ ವಾಸನೆ, ಬೀಗದ ಕೈ ಪುಟ್ಟಿಯ ಸೊಂಟದಲ್ಲೇ. ಮೊದಲ ಬಾರಿಗೆ ಅವಳದೇ ಬಾಗಿಲು. ಟೀ ಕುಡಿದರು. ಬೇಕರಿಯವನ ಜಿಪುಣತನದ ಕತೆ ಹೇಳಿ ಪುಟ್ಟಿ ನಗಿಸಿದಳು, ಅಕ್ಕ ನಕ್ಕಳು ಕೂಡ. ಕಿಟಕಿಗೆ ಪರದೆ ಇಲ್ಲದ್ದು ನೋಡಿ ಚೀಲದಿಂದ ಟೇಪು ತೆಗೆದು ಅಳತೆ ತೆಗೆದುಕೊಂಡಳು.

"ಮುಂದಿನ ವಾರ ಬರ್ತೀಯಾ ಅಕ್ಕ?"

"ನೋಡ್ತೀನಿ. ಪರದೆ ಆದ್ರೆ ಕಳಿಸ್ತೀನಿ."

ಕೆಳಗೆ ಬೀದಿಗೆ ಬಂದು ಎರಡು ತಿರುವು ದಾಟಿದವಳು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತುಬಿಟ್ಟಳು. ಮನೆಗೆ ಹತ್ತು ನಿಮಿಷದ ದಾರಿ, ಬಸ್ಸು ಬೇಕಿರಲಿಲ್ಲ. ಹೊರಗಿನವರು ಯಾರಾದರೂ ಹೀಗೆ ಮಾಡಿದ್ದರೆ ನಾಲ್ಕು ಬೈದು ಮರೆತುಬಿಡುತ್ತಿದ್ದಳು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಅವಳ ಮುಖ ನೋಡಿ, "ಕಾಲು ನೋವಾ ಅಮ್ಮಾ?" ಎಂದಳು.

"ಇಲ್ಲಮ್ಮ, ಕಾಲು ಚೆನ್ನಾಗಿದೆ" ಎಂದಳು ಅಕ್ಕ. ಒಂದು ಬಸ್ಸು ಬಂದು ಹೋಯಿತು. ಅವಳು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದಳು.